ಜಗಲಿ ಡಾಕ್ಟರು: ಕಷಾಯ, ಉಣುಗು, ಗಿಣ್ಣು ಮತ್ತು ಮೈಯ ನೆನಪು

ಮಳೆ ನಿಂತು ಅಡಿಕೆ ಸುಲಿಯುವ ಕಾಲ ಬಂತು ಅಂದ್ರೆ ನನ್ನ ಟಪಾಲು ದಪ್ಪ ಆಗುತ್ತದೆ. ಹಗಲೆಲ್ಲ ಕೂತು ಸುಲಿಯುವಾಗ ಮಾತು ಎಲ್ಲೆಲ್ಲೋ ಹೋಗಿ, ಕೊನೆಗೆ ‘ಡಾಕ್ಟ್ರಿಗೆ ಒಂದು ಕಾಗದ ಹಾಕೋಣ’ ಅಂತ ಆಗುತ್ತದೇನೋ. ಈ ಸಲ ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಮಾತು: ರೋಗನಿರೋಧಕ ಶಕ್ತಿ. ಹಾಗಾಗಿ ಬಿಪಿ, ಮಂಡಿನೋವಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದು.

ಡಾಕ್ಟ್ರೇ, ಕೊರೊನಾ ಬಂದಾಗಿನಿಂದ ನಮ್ಮನೆಯಲ್ಲಿ ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ. ಅತ್ತೆಯವರು ಬಿಡೋದೇ ಇಲ್ಲ. ಈಗ ಬೆಂಗಳೂರಿನಿಂದ ಮಗಳು ‘ಇಮ್ಯುನಿಟಿ ಬೂಸ್ಟರ್’ ಅಂತ 1,200 ರೂಪಾಯಿಯ ಡಬ್ಬಿ ಬೇರೆ ಕಳಿಸಿದ್ದಾಳೆ. ಎರಡೂ ಒಟ್ಟಿಗೆ ತಗೊಂಡ್ರೆ ಶಕ್ತಿ ಜಾಸ್ತಿ ಆಗುತ್ತಾ?
– ಗೃಹಿಣಿ, ಸಾಗರ ತಾಲೂಕು

ಡಬ್ಬಿ ಇನ್ನೂ ತೆರೆದಿಲ್ಲ ಅಂದ್ರೆ ಮಗಳಿಗೆ ವಾಪಸ್ ಕಳಿಸಿ. ದುಡ್ಡಾದ್ರೂ ಬರಲಿ.

‘ಶಕ್ತಿ’ ಅನ್ನೋ ಪದವೇ ನಮ್ಮ ದಾರಿ ತಪ್ಪಿಸಿದೆ ಅಂತ ನನಗೆ ಅನ್ನಿಸುತ್ತದೆ. ಶಕ್ತಿ ಅಂದ ಕೂಡಲೇ ತುಂಬಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತೇವೆ. ಮೈಯಲ್ಲಿ ಹಾಗೆ ತುಂಬಿಡುವ ಹಂಡೆ ಯಾವುದೂ ಇಲ್ಲ. ಅಲ್ಲಿರುವುದು ಬೇರೆ ಬೇರೆ ಕೆಲಸ ಗೊತ್ತಿರುವ ಜೀವಕೋಶಗಳ ದೊಡ್ಡ ಗುಂಪು. ಅದಕ್ಕೆ ಬೇಕಾದದ್ದು ಬಲಕ್ಕಿಂತ ಜಾಸ್ತಿ ಗುರುತು. ಯಾರು ನಮ್ಮವರು, ಯಾರು ಹೊರಗಿನವರು ಅನ್ನೋ ಗುರುತು.

ತೋಟಕ್ಕೆ ಹೋದಾಗ ಕಾಲಿಗೆ ಬಿದಿರಿನ ಸಿಬಿರು ಹೊಕ್ಕಿತು ಅಂತ ಇಟ್ಟುಕೊಳ್ಳಿ. ಚರ್ಮ ಅನ್ನೋ ಬೇಲಿ ಹರಿಯಿತು. ಸಂಜೆಗೆ ಅಲ್ಲಿ ಕೆಂಪಾಗಿ, ಬಿಸಿಯಾಗಿ, ಟಿಣ್ ಟಿಣ್ ಅಂತ ನೋವು ಶುರು. ಸಿಬಿರಿನ ಜೊತೆ ಒಳಗೆ ಹೋದ ಕೀಟಾಣುಗಳಿಗಿಂತ ಆ ನೋವು, ಬಿಸಿಗೆ ನಿಮ್ಮ ಮೈಯೇ ಹೆಚ್ಚು ಕಾರಣ. ಅಲ್ಲಿದ್ದ ಕಾವಲಿನ ಕೋಶಗಳು ಸುದ್ದಿ ಕೊಟ್ಟಿವೆ, ರಕ್ತನಾಳ ಸಡಿಲಾಗಿದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗೋಡೆ ಸಂದಿಯಲ್ಲಿ ನುಸುಳಿ ಹೊರಗೆ ಬಂದಿವೆ. ಅವು ಕೀಟಾಣುವನ್ನು ನುಂಗಿ ತಾವೂ ಸಾಯುತ್ತವೆ. ಎರಡು ದಿನ ಬಿಟ್ಟು ಹಿಂಡಿದಾಗ ಬರುವ ಕೀವು ಬಹುಪಾಲು ಅವುಗಳದೇ ಹೆಣ. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಇಂಥ ಕಣ ಮಾಡುತ್ತದೆ. ಕಷಾಯ ಕುಡಿಯದವರಲ್ಲೂ!

ಇದನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಒಬ್ಬ ರಷ್ಯಾದ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಮರಿ ಗಾಜಿನ ಹಾಗೆ ಪಾರದರ್ಶಕ. ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕೋಶಗಳ ಸಂತೆ. ಇದಕ್ಕೇ ಮುಂದೆ 1908ರಲ್ಲಿ ಅವನಿಗೆ ನೊಬೆಲ್ ಸಿಕ್ಕಿದ್ದು. ನನಗೆ ಈ ಕತೆ ಇಷ್ಟ. ದೊಡ್ಡ ಯಂತ್ರ ಇಲ್ಲ, ಏನಿಲ್ಲ. ಒಂದು ಮುಳ್ಳು.

ಇನ್ನು ‘ಜಾಸ್ತಿ’ ಅನ್ನೋ ಮಾತಿಗೆ ಬರೋಣ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದ ಹಾಗೆ ಕೊಬ್ಬು ತುಂಬಿ ಕುಗ್ಗುತ್ತದೆ. ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಅಲ್ಲಿ ಬೆಳೆದು ಹೊರಗೆ ಬರಬೇಕು. ಅಲ್ಲಿ ನಡೆಯುವುದು ಥೇಟ್ ಅಡಿಕೆ ಆರಿಸುವ ಕೆಲಸ. ನೀವು ನೋಡಿರುತ್ತೀರಿ, ಆರಿಸುವವರು ಸರಕು ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಅಂತ ಕೈಯಲ್ಲೇ ಗುರುತು ಹಿಡಿದು ಎಸೆಯುತ್ತಾರೆ. ರಾಶಿ ದೊಡ್ಡದು, ಮೇಲ್ದರ್ಜೆಯ ಸರಕು ಒಂದೇ ಬುಟ್ಟಿ. ಥೈಮಸ್ ಇನ್ನೂ ಬಿಗಿ. ಏನನ್ನೂ ಗುರುತಿಸಲಾಗದ ಕೋಶವನ್ನೂ, ನಮ್ಮ ಮೈಯನ್ನೇ ಶತ್ರು ಅಂತ ಹಿಡಿಯುವ ಕೋಶವನ್ನೂ ಅಲ್ಲೇ ಸಾಯಿಸುತ್ತದೆ. ಪಾಸಾಗಿ ಹೊರಗೆ ಬರುವುದು ನೂರಕ್ಕೆ ಕೈಬೆರಳಲ್ಲಿ ಎಣಿಸುವಷ್ಟು. ಇಷ್ಟಾಗಿಯೂ ಕೆಲವು ಕೆಟ್ಟವು ತಪ್ಪಿಸಿಕೊಂಡು ಬರುತ್ತವೆ. ಅವುಗಳನ್ನು ಹಿಡಿದು ಕೂರಿಸಲು ಬೇರೆ ಜಾತಿಯ ಟಿ ಕೋಶಗಳಿವೆ. ಇವು ಬ್ರೇಕಿನ ಕೆಲಸ ಮಾಡುತ್ತವೆ. ಇವನ್ನು ಕಂಡುಹಿಡಿದ ಜಪಾನಿನ ಸಕಾಗುಚಿ ಮತ್ತು ಇಬ್ಬರು ಅಮೆರಿಕನ್ನರಿಗೇ 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು.

ಬ್ರೇಕು ಕೆಟ್ಟರೆ? ತಪ್ಪಿಸಿಕೊಂಡ ಆ ಕೋಶಗಳು ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಥೈರಾಯ್ಡ್ ಕಾಯಿಲೆ. ಬೆರಳ ಗಂಟಿನ ಮೇಲೆ ಬಿದ್ದರೆ ಸಂಧಿವಾತ. ಇನ್ಸುಲಿನ್ ಮಾಡುವ ಕೋಶಗಳ ಮೇಲೆ ಬಿದ್ದರೆ ಚಿಕ್ಕ ಮಕ್ಕಳಿಗೂ ಸಕ್ಕರೆ ಕಾಯಿಲೆ. ನನ್ನ ಬಳಿ ಬರುವವರಲ್ಲಿ ‘ಇಮ್ಯುನಿಟಿ ಕಮ್ಮಿ’ ಇರುವವರಿಗಿಂತ ಅದು ದಾರಿ ತಪ್ಪಿದವರೇ ಜಾಸ್ತಿ.

ಅತ್ತೆಯವರ ಅಮೃತಬಳ್ಳಿಯ ಬಗ್ಗೆ ಮೆಲ್ಲಗೆ ಹೇಳಬೇಕು. 2021ರಲ್ಲಿ ಮುಂಬೈನ ಲಿವರ್ ತಜ್ಞರು ಕೆಲವು ರೋಗಿಗಳ ವಿಷಯ ಬರೆದರು. ಎಲ್ಲರೂ ಅಮೃತಬಳ್ಳಿ ತಗೊಂಡವರು, ಎಲ್ಲರಿಗೂ ಲಿವರ್ ಊತ. ಮೈಯ ಕಾವಲುಗಾರರೇ ಲಿವರ್ ಮೇಲೆ ಬಿದ್ದ ಲಕ್ಷಣ ಅಲ್ಲಿತ್ತು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಥೈರಾಯ್ಡ್, ಸಂಧಿವಾತ, ಲಿವರ್ ತೊಂದರೆ ಇರುವವರು ಮನೆಯಲ್ಲಿದ್ದರೆ ದಿನಾ ಕುಡಿಸುವುದು ಬೇಡ. ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಡಿ. ಅದಕ್ಕೆ ಹಾಲು ಬೆಲ್ಲ ಹಾಕಿ ನಾನೂ ದಿನಕ್ಕೆ ಎರಡು ಸಲ ಕುಡಿಯುತ್ತೇನೆ. ರುಚಿಗೆ, ಅಷ್ಟೇ. ಉಳಿದದ್ದು ನಿಮಗೇ ಗೊತ್ತು: ನಿದ್ದೆ, ಬೇಳೆ ಮೊಟ್ಟೆ, ಸಕ್ಕರೆ ಹಿಡಿತದಲ್ಲಿಡುವುದು, ಬೀಡಿ ಬಿಡುವುದು, ಹೊತ್ತಿಗೆ ಸರಿಯಾಗಿ ಲಸಿಕೆ.

ಕೆಲವು ವರ್ಷದ ಹಿಂದೆ ಮಂಗನ ಕಾಯಿಲೆಗೆ ಮೂರು ಸಲ ಸೂಜಿ ಹಾಕಿಸಿಕೊಂಡಿದ್ದೆ. ಈಗ ಅದನ್ನು ಕೊಡೋದೇ ನಿಲ್ಲಿಸಿದ್ದಾರೆ. ಆ ಮೂರು ಸೂಜಿ ಈಗಲೂ ಕೆಲಸ ಮಾಡುತ್ತಾ? ಅಮ್ಮ ಹೇಳ್ತಾರೆ, ದಡಾರ ಒಂದ್ಸಲ ಬಂದ್ರೆ ಜನ್ಮದಲ್ಲಿ ಮತ್ತೆ ಬರಲ್ಲ ಅಂತ. ಹಾಗಾದ್ರೆ ಒಂದಕ್ಕೆ ಜನ್ಮ ಪೂರ್ತಿ, ಇನ್ನೊಂದಕ್ಕೆ ವರ್ಷ ವರ್ಷ, ಇದೆಂಥ ಲೆಕ್ಕ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು

ಅಮ್ಮನ ಮಾತು ನಿಜ ಮಾರಾಯ್ರೆ. 1846ರಲ್ಲಿ ಉತ್ತರ ಸಮುದ್ರದ ಆಚೆಯ ಫಾರೋ ದ್ವೀಪಗಳಿಗೆ ದಡಾರ ಹೊಕ್ಕಿತು. ಸುಮಾರು 7,800 ಜನ, ಅದರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಪಾನುಮ್ ಅನ್ನೋ ಹುಡುಗು ಡಾಕ್ಟರನ್ನು ಡೆನ್ಮಾರ್ಕಿನಿಂದ ಕಳಿಸಿದರು. ಆತ ಮನೆ ಮನೆ ಸುತ್ತಿ ಒಂದು ವಿಚಿತ್ರ ಕಂಡ. ಆ ದ್ವೀಪಕ್ಕೆ ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಬರಲಿಲ್ಲ. ಮಧ್ಯೆ 65 ವರ್ಷ ಆ ಕಾಯಿಲೆಯ ಮುಖವನ್ನೇ ಅವರು ನೋಡಿರಲಿಲ್ಲ. ಮೈ ಮಾತ್ರ ಮರೆತಿರಲಿಲ್ಲ.

ಹೇಗೆ ನೆನಪಿಡುತ್ತದೆ? ನಮ್ಮ ರಕ್ತದಲ್ಲಿ ಬಿ ಕೋಶಗಳು ಅಂತ ಇವೆ. ಒಂದೊಂದು ಕೋಶದ ಮೈಮೇಲೂ ಒಂದೊಂದು ಆಕಾರದ ಬೀಗದ ಕೈ. ಕೋಟಿಗಟ್ಟಲೆ ಆಕಾರ. ರೋಗ ಬಂದ ಮೇಲೆ ಕೈ ಮಾಡಿಸುವುದಲ್ಲ, ರೋಗ ಬರುವ ಮೊದಲೇ ಗೊಂಚಲು ತಯಾರಿರುತ್ತದೆ. ವೈರಸ್ಸು ಬಂದಾಗ ಯಾವ ಕೈ ಅದಕ್ಕೆ ಕೂರುತ್ತದೋ ಆ ಕೋಶ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಗಟ್ಟಲೆ ಹೆಚ್ಚುತ್ತದೆ. ಅದೇ ಆಕಾರವನ್ನು ಬಿಡಿ ಬಿಡಿಯಾಗಿ ರಕ್ತಕ್ಕೆ ಚೆಲ್ಲುತ್ತದೆ. ಅದನ್ನೇ ಆಂಟಿಬಾಡಿ ಅನ್ನೋದು. ಮೊದಲ ಸಲ ಇದಕ್ಕೆಲ್ಲ ಒಂದು ವಾರದ ಮೇಲೆ ಬೇಕು. ಅಷ್ಟರಲ್ಲಿ ನಾವು ಮಲಗಿರುತ್ತೇವೆ. ಕಾಯಿಲೆ ಹೋದ ಮೇಲೆ ಹೆಚ್ಚಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ಕೆಲವು ಉಳಿಯುತ್ತವೆ. ಆ ಉಳಿದವೇ ನೆನಪು. ಮುಂದಿನ ಸಲ ಎರಡು ಮೂರು ದಿನದಲ್ಲೇ ಕೆಲಸ ಮುಗಿಯುತ್ತದೆ, ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ.

ಈ ವಿವರಣೆಯನ್ನು ಆಸ್ಟ್ರೇಲಿಯಾದ ಬರ್ನೆಟ್ ಪ್ರಕಟಿಸಿದ್ದು 1957ರಲ್ಲಿ. ಅದೇ 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನಕ್ಕೆ ಜ್ವರ ಬರುತ್ತಿತ್ತು, ಪುಣೆಯ ವಿಜ್ಞಾನಿಗಳು ಬಂದು ಮಂಗನ ಕಾಯಿಲೆಯ ಹೊಸ ವೈರಸ್ಸನ್ನು ಹಿಡಿದಿದ್ದರು. ಒಂದಕ್ಕೊಂದು ಸಂಬಂಧ ಇಲ್ಲ. ಆದರೂ ಎರಡು ಇಸವಿ ಒಂದೇ ಅಂತ ಕಂಡಾಗಲೆಲ್ಲ ನನಗೆ ಏನೋ ಒಂಥರಾ ಆಗುತ್ತದೆ.

ಈಗ ನಿಮ್ಮ ಲೆಕ್ಕ. ದಡಾರದ ವೈರಸ್ಸು ಜೀವಂತ ಬಂದು, ಮೈಯೆಲ್ಲ ಹರಡಿ, ದಿನಗಟ್ಟಲೆ ಗಲಾಟೆ ಮಾಡಿ ಹೋಗುತ್ತದೆ. ಅಷ್ಟು ಗಲಾಟೆಯ ನೆನಪು ಗಟ್ಟಿ. ಮಕ್ಕಳಿಗೆ ಹಾಕುವ ದಡಾರದ ಲಸಿಕೆಯಲ್ಲೂ ಬಲ ಕುಗ್ಗಿಸಿದ ಜೀವಂತ ವೈರಸ್ಸೇ ಇರುವುದು. ಮಂಗನ ಕಾಯಿಲೆಯ ಹಳೆಯ ಲಸಿಕೆ ಹಾಗಲ್ಲ. ವೈರಸ್ಸನ್ನು ಫಾರ್ಮಲಿನ್ ಹಾಕಿ ಸಾಯಿಸಿ ಮಾಡಿದ್ದು. ಸತ್ತದ್ದು ಒಳಗೆ ಹೋಗಿ ಹೆಚ್ಚುವುದಿಲ್ಲ. ಮೈಗೆ ಅದರ ಮುಖ ಒಂದು ಗಳಿಗೆ ಕಾಣುತ್ತದೆ, ಅಷ್ಟೇ. ಒಂದೇ ಸಲ ಮದುವೆಮನೆಯಲ್ಲಿ ಕಂಡವರ ಮುಖ ನೆನಪಿರುತ್ತಾ? ಅದಕ್ಕೇ ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಂದು ಅಂತ ಹಾಕುತ್ತಿದ್ದರು. ನೋವು ಜಾಸ್ತಿ ಅಂತ ಜನ ಎರಡನೆಯದಕ್ಕೇ ತಪ್ಪಿಸಿಕೊಳ್ಳುತ್ತಿದ್ದರು. ನಾನೇ ಎಷ್ಟೋ ಜನರನ್ನು ಬೈದು ಕಳಿಸಿದ್ದೇನೆ. ಕೊನೆಗೆ ಲಸಿಕೆಗೇ ಸಾಕಷ್ಟು ಸತ್ವ ಇಲ್ಲ ಅಂತ ಕಂಡು 2022ರಲ್ಲಿ ನಿಲ್ಲಿಸಿದರು. ಬೈಸಿಕೊಂಡವರು ಈಗ ಸಿಕ್ಕರೆ ನಗುತ್ತಾರೆ. ನಾನೂ ನಗುತ್ತೇನೆ, ಇನ್ನೇನು ಮಾಡಲಿ?

ಆದ್ದರಿಂದ ಆ ಮೂರು ಸೂಜಿಯನ್ನು ನಂಬಿ ಕೂರಬೇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕಡೆಯಿಂದ ಹೊಸ ಲಸಿಕೆಯ ಕೆಲಸ ನಡೆದಿದೆ. ಈ ಕಾಯಿಲೆ ಬರುವುದು ಕಾಡಿನ ಉಣುಗು ಕಚ್ಚಿ. ಅಲ್ಲಿಯವರೆಗೆ ದರಗು ತರಲು, ಸೌದೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿ. ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಉಣುಗಿನ ಮರಿ ಎಳ್ಳುಕಾಳಿಗಿಂತ ಚಿಕ್ಕದು. ಕಂಕುಳು, ಸೊಂಟ, ಮಂಡಿ ಹಿಂದೆ ಬೆರಳಾಡಿಸಿ ನೋಡಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ತಿಳಿಸಿ. ಕಾಡಿಗೆ ಹೋಗಿ ಬಂದು ವಾರದೊಳಗೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಗೋಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮತ್ತೊಂದು ಮಾತು: ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದ ಮನೆಗೆ ಹೋಗುವುದನ್ನು ಬಿಡಬೇಡಿ.

ನಮ್ಮ ಮಲೆನಾಡು ಗಿಡ್ಡ ಕರು ಹಾಕಿದೆ. ಗಿಣ್ಣು ಹಾಲಿನಲ್ಲಿ ಆಂಟಿಬಾಡಿ ತುಂಬಾ ಇರುತ್ತೆ ಅಂತ ಯೂಟ್ಯೂಬಿನಲ್ಲಿ ನೋಡಿದೆ. ಮಕ್ಕಳಿಗೆ ಜಾಸ್ತಿ ಕೊಡೋಣ ಅಂತಿದ್ದೆ. ಅಜ್ಜಿ ಮಾತ್ರ ‘ಮೊದ್ಲು ಕರುವಿಗೆ ಬಿಡು’ ಅಂತ ಗದರ್ತಾರೆ.
– ಹೈನುಗಾರ, ಹೊಸನಗರ

ಅಜ್ಜಿಯ ಕಾಲಿಗೆ ನನ್ನದೂ ಒಂದು ನಮಸ್ಕಾರ ಹೇಳಿ.

ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ಆಂಟಿಬಾಡಿ ದಾಟುವುದಿಲ್ಲ. ಮಾಸಿನ ರಚನೆಯೇ ಹಾಗೆ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಎಲ್ಲ ಗಂಟೂ ಗಿಣ್ಣಿನಲ್ಲಿದೆ. ಅದನ್ನು ಹೀರಿ ರಕ್ತಕ್ಕೆ ತಗೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಮೊದಲ ಒಂದು ದಿನ ಮಾತ್ರ ತೆರೆದಿರುತ್ತದೆ. ಮೊದಲ ಕೆಲವು ಗಂಟೆ ಚೆನ್ನಾಗಿ, ಆಮೇಲೆ ಮುಚ್ಚುತ್ತಾ ಬರುತ್ತದೆ. ಆ ಮೊದಲ ಗಿಣ್ಣು ತಪ್ಪಿದರೆ ಕರು ವಾರದೊಳಗೆ ಬೇಧಿಯಾಗಿ ಬಿದ್ದೀತು.

ನಿಮ್ಮ ಮಕ್ಕಳ ಕರುಳಿನಲ್ಲಿ ಅಂಥ ಬಾಗಿಲು ಇಲ್ಲ. ಅಲ್ಲದೆ ನಾವು ಗಿಣ್ಣನ್ನು ಹಸಿಯಾಗಿ ಎಲ್ಲಿ ತಿನ್ನುತ್ತೇವೆ? ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟಾಗ ತಟ್ಟೆಯಲ್ಲಿ ಗಟ್ಟಿಯಾಗಿ ನಡುಗುತ್ತದಲ್ಲ, ಬೇರೆ ಹಾಲು ಹಾಗೆ ಆಗುತ್ತಾ? ಆಗಲ್ಲ. ಗಿಣ್ಣು ಗಟ್ಟಿಯಾಗುವುದೇ ಅದರಲ್ಲಿ ಆಂಟಿಬಾಡಿಯಂಥ ಪ್ರೋಟೀನು ಅಷ್ಟು ಇರುವುದರಿಂದ. ಬಿಸಿಗೆ ಅದು ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿತು. ಅಂದರೆ ನೀವು ಚಮಚದಲ್ಲಿ ಕತ್ತರಿಸುವ ಹೊತ್ತಿಗೆ ಅದರ ಕೆಲಸ ಮುಗಿದಿದೆ. ಕರು ಕುಡಿದು ಉಳಿದದ್ದನ್ನು ರುಚಿಗೆ ತಿನ್ನಿ. ನನ್ನ ಪಾಲು ಕಳಿಸಿದರೂ ಬೇಡ ಅನ್ನಲ್ಲ.

ಮನುಷ್ಯರ ಮಗು ಬೇರೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಮಾಸಿನ ಮೂಲಕವೇ ತಾಯಿಯ ಆಂಟಿಬಾಡಿ ದಾಟುತ್ತದೆ. ಬಸುರಿಯರಿಗೆ ಧನುರ್ವಾಯು ಸೂಜಿ ಹಾಕುವುದು ಇದಕ್ಕೇ, ತಾಯಿಯ ಜೊತೆಗೆ ಮಗುವಿಗೂ ಅದು ಕಾವಲು. ಹೆರಿಗೆಯಾದ ಮೇಲಿನ ಮೊದಲ ಹಳದಿ ಹಾಲು ಮಗುವಿನ ಕರುಳಿನ ಗೋಡೆಗೆ ಒಳಗಿನಿಂದ ಬಳಿದ ಹಾಗೆ ಕೂತು ಕಾಯುತ್ತದೆ. ನಾನು ಹುಟ್ಟಿದಾಗ ಅದನ್ನು ಹಿಂಡಿ ಚೆಲ್ಲಿ, ನನಗೆ ಜೇನುತುಪ್ಪ ನೆಕ್ಕಿಸಿದ್ದರಂತೆ. ಬದುಕಿದ್ದೇನೆ. ಆದರೂ ನೀವು ಹಾಗೆ ಮಾಡಬೇಡಿ. ವರ್ಷ ತುಂಬುವ ತನಕ ಜೇನು ಕೊಡಲೇಬಾರದು.

ಅಣ್ಣನೂ ನಾನೂ ಸೇರಿ ಕಾಡುಗೇರಿನ ಕೊಂಬೆ ಕಡಿದೆವು. ಅವನಿಗೆ ಏನೂ ಆಗಲಿಲ್ಲ. ನನಗೆ ಎರಡು ದಿನ ಬಿಟ್ಟು ಮುಖ ಊದಿ ಕಣ್ಣೇ ಮುಚ್ಚಿತು. ಹೋದ ವರ್ಷ ಕಡಿದಾಗ ನನಗೂ ಏನೂ ಆಗಿರಲಿಲ್ಲ. ನನ್ನ ಇಮ್ಯುನಿಟಿ ಕಮ್ಮಿ ಆಯ್ತಾ?
– ಕಾಲೇಜು ವಿದ್ಯಾರ್ಥಿ, ಆಗುಂಬೆ ಕಡೆಯವನು

ಕಮ್ಮಿ ಅಲ್ಲ ತಮ್ಮಾ, ಅದು ಸುಮ್ನೆ ಇರಬೇಕಾದ ಕಡೆ ಎದ್ದು ನಿಂತಿದೆ.

ಕಾಡುಗೇರಿನ ಸೊನೆಯಲ್ಲಿರುವ ಎಣ್ಣೆಯಂಥ ವಸ್ತು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ನಿನ್ನ ಚರ್ಮವೇ ನಿನ್ನ ಟಿ ಕೋಶಗಳಿಗೆ ಪರಕೀಯವಾಗಿ ಕಾಣುತ್ತದೆ. ಹೋದ ವರ್ಷ ಅವು ಅದನ್ನು ನೋಡಿಕೊಂಡವು, ಗುರುತಿಟ್ಟುಕೊಂಡವು. ಈ ವರ್ಷ ಬಂದು ಮೇಲೆ ಬಿದ್ದವು. ಅಣ್ಣನ ಕೋಶಗಳು ಗುರುತಿಟ್ಟುಕೊಂಡಿಲ್ಲ, ಇನ್ನೂ. ಲಸಿಕೆ ಕೆಲಸ ಮಾಡುವುದೂ ಇದೇ ನೆನಪಿನಿಂದ. ಆದರೆ ಇಲ್ಲಿ ಅದರಿಂದ ಉಪಕಾರ ಏನೂ ಇಲ್ಲ, ಊತ ಮಾತ್ರ.

ಎರಡು ದಿನ ತಡ ಯಾಕೆ ಅಂದರೆ ಟಿ ಕೋಶಗಳು ಬಂದು ಸೇರಲು ಅಷ್ಟು ಹೊತ್ತು ಬೇಕು. ಕ್ಷಯಕ್ಕೆ ಕೈಗೆ ಸೂಜಿ ಚುಚ್ಚಿ ‘ಎರಡು ಮೂರು ದಿನ ಬಿಟ್ಟು ಬನ್ನಿ’ ಅನ್ನುತ್ತಾರಲ್ಲ, ಅದೂ ಹೀಗೆಯೇ. ಇಂಬಳ ಕಚ್ಚಿದ ಜಾಗದ ತುರಿಕೆ ಬೇರೆ ಬಗೆ. ಅದರ ಜೊಲ್ಲಿಗೆ ಸಿಟ್ಟಾದ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುವುದರಿಂದ ಕೂಡಲೇ ತುರಿಕೆ. ಇಂಬಳದ ತುರಿಕೆಗೆ ಅಲರ್ಜಿ ಮಾತ್ರೆ ಕೇಳುತ್ತದೆ, ಕಾಡುಗೇರಿನ ಊತಕ್ಕೆ ಅಷ್ಟಾಗಿ ಕೇಳುವುದಿಲ್ಲ, ಸ್ಟೀರಾಯ್ಡ್ ಬೇಕಾಗುತ್ತದೆ.

ನಾನೂ ಎಂಟನೇ ಕ್ಲಾಸಿನಲ್ಲಿ ಬೇಲಿಗೆ ಗೂಟ ಕಡಿಯಲು ಹೋಗಿ ನಿನ್ನ ಹಾಗೇ ಆಗಿದ್ದೆ. ವಾರ ಶಾಲೆ ತಪ್ಪಿತು ಅಂತ ಖುಷಿಪಟ್ಟೆ, ಕನ್ನಡಿ ನೋಡುವ ತನಕ. ನೆನಪಿಟ್ಟುಕೋ, ಗೇರು ಮತ್ತು ಮಾವು ಅದರ ನೆಂಟರೇ. ಅಪ್ಪೆಮಿಡಿ ಕೊಯ್ಯುವಾಗ ಸೊನೆ ಮುಖಕ್ಕೆ ಸಿಡಿಯದ ಹಾಗೆ ನೋಡಿಕೋ. ಸೊನೆ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆ. ಕತ್ತಿಯನ್ನೂ ತೊಳೆ.

ಎರಡು ವರ್ಷದ ಹಿಂದೆ ಕೊಳಕುಮಂಡಲ ಕಚ್ಚಿ ಆಸ್ಪತ್ರೆಯಲ್ಲಿ 20 ಬಾಟ್ಲಿ ವಿಷದ ಔಷಧಿ ಹಾಕಿದ್ರು. ಇನ್ನು ನಿನಗೆ ಹಾವಿನ ವಿಷ ಹತ್ತಲ್ಲ ಅಂತ ಗೆಳೆಯರು ಹೇಳ್ತಾರೆ. ನಿಜವಾ?
– ಜೀಪು ಚಾಲಕ, ಹುಂಚ

ಗೆಳೆಯರ ಮಾತು ಕೇಳಿ ಹಾವಿಗೆ ಕೈ ಹಾಕಬೇಡಿ.

ನಿಮಗೆ ಹಾಕಿದ್ದು ಕುದುರೆಯ ಆಂಟಿಬಾಡಿ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ಮೈ ಮಾಡಿದ ಆಂಟಿಬಾಡಿಯನ್ನು ರಕ್ತದಿಂದ ತೆಗೆದು ಬಾಟ್ಲಿಗೆ ತುಂಬುತ್ತಾರೆ. ನಿಮ್ಮ ಮೈ ಅದನ್ನು ಕಲಿತು ಮಾಡಿದ್ದಲ್ಲ, ಕೈಸಾಲ ತಂದದ್ದು. ಕೆಲವು ವಾರದಲ್ಲಿ ಖಾಲಿ. ಬದಲಿಗೆ ನಿಮ್ಮ ಮೈ ಕುದುರೆಯ ಪ್ರೋಟೀನನ್ನು ಗುರುತಿಟ್ಟುಕೊಂಡಿರಬಹುದು. ಔಷಧಿ ಹಾಕಿ ಹತ್ತು ದಿನದ ಮೇಲೆ ಗಂಟುನೋವು, ದದ್ದು ಬಂದಿತ್ತಾ? ಅದು ಅದೇ. ಹೀಗೆ ಕುದುರೆ ಸೀರಮ್ ತಗೊಂಡ ಮಕ್ಕಳನ್ನು ನೋಡುತ್ತಲೇ ವಿಯೆನ್ನಾದ ವಾನ್ ಪಿರ್ಕೆ 1906ರಲ್ಲಿ ‘ಅಲರ್ಜಿ’ ಅನ್ನೋ ಪದ ಕಟ್ಟಿದ್ದು. ಮುಂದೆ ಯಾವತ್ತಾದರೂ ಆಸ್ಪತ್ರೆಗೆ ಸೇರಿದರೆ ಹಿಂದೆ ಈ ಔಷಧಿ ತಗೊಂಡಿದ್ದೇನೆ ಅಂತ ಮೊದಲೇ ಹೇಳಿ.

ಇನ್ನೊಂದು. ಆ ಬಾಟ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ನಮ್ಮ ಕಾಡಿನ ಕಾಳಿಂಗಕ್ಕೆ ಅಲ್ಲ. ಆಂಟಿಬಾಡಿ ಅಷ್ಟು ಆಕಾರ ನೋಡುತ್ತದೆ.

ಪಾದಕ್ಕೆ ಕತ್ತಿ ತಾಗಿ ಗಾಯ ಆಗಿತ್ತು. ನಾಲ್ಕು ದಿನದಲ್ಲಿ ತೊಡೆಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಗಾಯ ಇರೋದು ಕೆಳಗೆ, ಗಂಟು ಮೇಲೆ. ಕ್ಯಾನ್ಸರ್ ಇರಬಹುದಾ ಅಂತ ನಿದ್ದೆ ಇಲ್ಲ.
– ಕೂಲಿ ಕಾರ್ಮಿಕರು, ಕೋಣಂದೂರು

ನಿದ್ದೆ ಮಾಡಿ. ಆ ಗಂಟು ದುಗ್ಧಗ್ರಂಥಿ, ಕಾವಲಿನ ಕೋಶಗಳು ಸೇರುವ ಠಾಣೆ. ಪಾದದ ಗಾಯದಲ್ಲಿ ಸಿಕ್ಕ ಕೀಟಾಣುವಿನ ಚೂರನ್ನು ಹೊತ್ತುಕೊಂಡು ಕೆಲವು ಕೋಶಗಳು ಅಲ್ಲಿಗೆ ಬರುತ್ತವೆ. ‘ಇದಕ್ಕೆ ಯಾರ ಹತ್ತಿರ ಬೀಗದ ಕೈ ಇದೆ?’ ಅಂತ ತೋರಿಸುತ್ತವೆ. ಮೇಲಿನ ಪತ್ರಗಳಲ್ಲಿ ಹೇಳಿದ ಟಿ, ಬಿ ಕೋಶಗಳು ಹೆಚ್ಚುವುದು ಈ ಗಂಟಿನಲ್ಲೇ. ಹೆಚ್ಚಿದರೆ ಊದುತ್ತದೆ, ನೋಯುತ್ತದೆ. ಟಾನ್ಸಿಲ್ ಊದುವುದೂ ಹೀಗೇ.

ಗಂಟನ್ನು ತಿಕ್ಕಬೇಡಿ, ಸುಣ್ಣ ಹಚ್ಚಬೇಡಿ. ಪಾದದ ಗಾಯ ತೊಳೆದು ಶುದ್ಧ ಇಡಿ. ಧನುರ್ವಾಯು ಸೂಜಿ ಹಾಕಿಸಿಕೊಂಡಿಲ್ಲ ಅಂದ್ರೆ ಇವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹತ್ತಿದರೆ, ಚಳಿಜ್ವರ ಬಂದರೆ ಕಾಯಬೇಡಿ. ಗಾಯ ಮಾಗಿ ಮೂರು ನಾಲ್ಕು ವಾರ ಆದರೂ ಗಂಟು ಇಳಿಯಲಿಲ್ಲ, ನೋವಿಲ್ಲದೆ ಗಟ್ಟಿಯಾಗಿ ಬೆಳೆಯುತ್ತಿದೆ ಅಂದರೆ ಮಾತ್ರ ಡಾಕ್ಟರಿಗೆ ತೋರಿಸಿ. ಬರುವಾಗ ಚಪ್ಪಲಿ ಹಾಕಿಕೊಂಡು ಬನ್ನಿ.